ಬಿಸಿಲಿನ ಪಾಳಿ

ಜುಲೈ ೪೭, ೨೧೯೩
ಆಲ್ಮೆರಿಯಾ ಸೀಮೆಯ ಒಂದು ನೆಲಮನೆಯಿಂದ

ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಹಿರಿಯಜ್ಜಿ ದಯಾಮಣಿಯವರಿಗೆ, ನಿಮ್ಮ ವಂಶದ ಕೊನೆಯ ತುದಿಯಲ್ಲಿ ನಿಂತಿರುವ ನೋರೀನ್ ಸುಕೃತಾ ಹೊಸಮನಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಈಕೆಗೆ ಎಣಿಕೆ ಬರುವುದಿಲ್ಲ ಎಂದುಕೊಳ್ಳಬೇಡಿ. ನಾನು ಕೂತಿರುವ ಈ ದಕ್ಷಿಣದ ಸೀಮೆಯಲ್ಲಿ ಆಗಸ್ಟ್ ತಿಂಗಳನ್ನು ಕ್ಯಾಲೆಂಡರಿನಿಂದ ಕಿತ್ತುಹಾಕಿ ಬಹಳ ಕಾಲವಾಯಿತು. ಆ ಹೆಸರು ಕೇಳಿದರೇ ಜನರ ಜೀವ ಅರ್ಧವಾಗುತ್ತಿತ್ತಂತೆ. ಹಾಗಾಗಿ ಮೊದಲ ತಂಪು ಗಾಳಿ ಬೀಸುವವರೆಗೂ ಜುಲೈಯನ್ನೇ ಎಳೆದುಕೊಂಡು ಹೋಗುತ್ತಾರೆ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ನೀವು ಬೆಟಗೇರಿಯಿಂದ ಐರ್ಲೆಂಡಿನ ಗಾಲ್ವೇ ಊರಿಗೆ ತಂದ ಕನ್ನಡ ಇಷ್ಟು ವರ್ಷ ಮಳೆಯಲ್ಲಿ ನೆನೆದಿದೆ. ನಿಮ್ಮ ಕಾಲದಲ್ಲಿಲ್ಲದ ವಸ್ತುಗಳಿಗೆ ನಾವೇ ಏನೋ ಒಂದು ಹೆಸರಿಟ್ಟುಕೊಂಡಿದ್ದೇವೆ. ಈ ಪತ್ರವನ್ನು ಹಾಕುವುದು ಹಿಂದಂಚೆಗೆ, ಅಂದರೆ ಹೋದ ಕಾಲಕ್ಕೆ ಹೋಗುವ ಅಂಚೆಗೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಪತ್ರ. ತಲುಪಿತೋ ಇಲ್ಲವೋ ಎಂದು ಕೇಳಿದರೆ ಆ ಕಚೇರಿಯವರು ಭುಜ ಕುಣಿಸುತ್ತಾರೆ.

ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತು ಸಂಜೆ ಇಲ್ಲಿನ ಬಂದರಿನಿಂದ ಗಾಲ್ವೇಗೆ ಹಡಗು ಹೊರಡುತ್ತದೆ. ಅದರಲ್ಲಿ ನನಗೆ ಜಾಗವಿದೆ. ಹತ್ತಿದರೆ ನನ್ನ ಮನೆಗೆ ಹೋಗುತ್ತೇನೆ. ಹತ್ತದಿದ್ದರೆ ಏಳು ವರ್ಷ ಇಲ್ಲೇ. ನನಗೀಗ ಅರವತ್ತೊಂದು. ಹತ್ತಬೇಕೋ ಬೇಡವೋ ಎನ್ನುವುದು ಈ ಸಾಲು ಬರೆಯುವಾಗಲೂ ನನಗೆ ತಿಳಿದಿಲ್ಲ.

ನಿಮ್ಮ ಎರಡನೆಯ ಐರಿಶ್ ಬೇಸಿಗೆಯ ಕಥೆ ನಮ್ಮ ಮನೆಯಲ್ಲಿ ಈಗಲೂ ಓಡಾಡುತ್ತದೆ. ಆಸ್ಪತ್ರೆಯ ಕೆಲಸ ಮುಗಿಸಿ, ಜೂನ್ ತಿಂಗಳಲ್ಲಿ ಉಣ್ಣೆಯ ಕೋಟು ತೊಟ್ಟು ಮನೆಗೆ ಬಂದು, ನೆನೆದ ಶೂಗಳನ್ನು ಹೀಟರಿನ ಪಕ್ಕಕ್ಕಿಟ್ಟು, “ಇದು ಬೇಸಿಗಿ ಅಂದ್ರ ಚಳಿಗಾಲಕ್ಕ ಏನಂತೀರ್ಯೋ?” ಎಂದು ಗೋಡೆಯನ್ನು ಕೇಳಿ ಅತ್ತಿರಂತೆ. ಅತ್ತದ್ದು ನಿಜವೋ ನಾವು ಸೇರಿಸಿದ್ದೋ ಗೊತ್ತಿಲ್ಲ. ಆ ಮಾತನ್ನು ಮಾತ್ರ ಆ ಮನೆಯಲ್ಲಿ ಹುಟ್ಟಿದ ಎಲ್ಲರೂ ಒಮ್ಮೆಯಾದರೂ ಆಡಿದ್ದೇವೆ.

ಮಳೆ ಹಾಗೇ ಇದೆ, ಅಜ್ಜಿ. ಜಗತ್ತಿನಲ್ಲಿ ಏನೆಲ್ಲ ಬದಲಾದರೂ ಗಾಲ್ವೇಯ ಬೇಸಿಗೆ ಹಟ ಹಿಡಿದು ಕೂತಿದೆ. ಬೆಳಿಗ್ಗೆ ಎದ್ದರೆ ಹಿಟ್ಟಿನ ಮಳೆ, ಅಂದರೆ ಜರಡಿಯಿಂದ ಇಳಿದಂತೆ ಸಣ್ಣಗೆ ಸುರಿದು, ಕೊಡೆಗೂ ಸಿಗದೆ ಕನ್ನಡಕದ ಮೇಲೆ ಬಂದು ಕೂರುವಂಥದ್ದು. ಮಧ್ಯಾಹ್ನಕ್ಕೆ ಜಗಳಗಂಟಿ ಮಳೆ. ಅದು ಮೇಲಿನಿಂದ ಬೀಳುವುದಿಲ್ಲ, ಕಡಲ ಕಡೆಯಿಂದ ಅಡ್ಡಡ್ಡ ಬಂದು ಮುಖಕ್ಕೆ ಹೊಡೆಯುತ್ತದೆ. ಸಂಜೆ ಸ್ವಲ್ಪ ತೆರಪು ಕೊಟ್ಟು, ನಾವು ಬಟ್ಟೆ ಹೊರಗೆ ಹರವಿದ್ದನ್ನು ಖಾತ್ರಿ ಮಾಡಿಕೊಂಡು ಮತ್ತೆ ಶುರು. ಪ್ರತಿ ಮನೆಯಲ್ಲೂ ಒಂದು ಒಣಗುಕೋಣೆ ಇದೆ. ಅಲ್ಲಿ ಬಿಸಿಗಾಳಿ ಬೀಸುತ್ತದೆ. ಬಟ್ಟೆ, ಹಾಸಿಗೆ, ಮೆಣಸಿನಕಾಯಿ, ಮಕ್ಕಳ ಕೂದಲು ಎಲ್ಲವೂ ಅಲ್ಲೇ ಒಣಗಬೇಕು. ನಿಮ್ಮ ಹೆಸರಿನಲ್ಲಿ ಈಗಲೂ ಅಕ್ಕಿ ಸಂಡಿಗೆ ಇಡುತ್ತೇವೆ, ಆದರೆ ಅದು ಕಾಲುಚೀಲಗಳ ಪಕ್ಕದಲ್ಲಿ ಒಣಗುವುದರಿಂದ ಕರಿದಾಗ ಏನು ವಾಸನೆ ಬರುತ್ತದೆಂದು ಬಿಡಿಸಿ ಹೇಳಲಾರೆ.

ಬಿಸಿಲು ಅಪ್ಪಿತಪ್ಪಿ ಬಂದರೆ ಊರಿನಲ್ಲಿ ಬಿಸಿಲುಗಂಟೆ ಬಾರಿಸುತ್ತಾರೆ. ಗಂಟೆ ಕೇಳಿದ ಕೂಡಲೇ ಶಾಲೆ, ಕಚೇರಿ, ಅಂಗಡಿ ಎಲ್ಲಕ್ಕೂ ರಜೆ, ಅದು ಕಾನೂನು. ಜನ ಹಾಸಿಗೆ ಹೊತ್ತು ರಸ್ತೆಗೆ ಓಡುತ್ತಾರೆ, ಮುಖ ಮೇಲೆತ್ತಿ ಕಣ್ಣು ಮುಚ್ಚಿ ನಿಲ್ಲುತ್ತಾರೆ. ನನ್ನ ಅಕ್ಕ ಬ್ರಿಜಿಡ್‌ಳ ಮದುವೆಯಲ್ಲಿ ಪಾದ್ರಿ ಒಪ್ಪಿಗೆ ಕೇಳುತ್ತಿರುವಾಗಲೇ ಗಂಟೆ ಮೊಳಗಿತು. ಮದುಮಗನೂ ಸೇರಿದಂತೆ ಇಡೀ ಚರ್ಚು ಖಾಲಿಯಾಗಿ, ಒಪ್ಪಿಗೆಯ ಮಾತನ್ನು ಅಂಗಳದಲ್ಲಿ ಹೇಳಿಸಬೇಕಾಯಿತು. ಬ್ರಿಜಿಡಕ್ಕ ಆ ಸಿಟ್ಟನ್ನು ಗಂಡ ತೀರಿಕೊಂಡ ಮೇಲೂ ಬಿಟ್ಟಿಲ್ಲ. ಈಗ ನಾವಿಬ್ಬರೇ ನೀವು ಕೊಂಡ ಆ ಮನೆಯಲ್ಲಿ, ಅವಳು ಕೆಳಗೆ, ನಾನು ಮೇಲೆ. ಹೋದ ವರ್ಷ ಬೇಸಿಗೆಯುದ್ದಕ್ಕೂ ಗಂಟೆ ಒಮ್ಮೆಯೂ ಮೊಳಗಲಿಲ್ಲ.

ಅದಕ್ಕೇ ನಾವೆಲ್ಲ ಪಾಳಿಗೆ ಕಾಯುತ್ತೇವೆ. ನಿಮ್ಮ ಕಾಲದ ಹಾಗೆ ಬೇಕೆಂದಾಗ ಬಿಸಿಲಿನ ದೇಶಕ್ಕೆ ಹೋಗಿ ಮರಳಿನ ಮೇಲೆ ಮಲಗುವಂತಿಲ್ಲ. ಬಿಸಿಲಿನ ದೇಶಗಳು ಸುಟ್ಟುಹೋಗುತ್ತಿವೆ. ಅಲ್ಲಿಯವರೆಲ್ಲ ಮೋಡದ ಕೆಳಗೆ ಬರಬೇಕೆನ್ನುತ್ತಾರೆ. ನಮ್ಮ ದ್ವೀಪವೋ ಅಂಗೈಯಗಲ. ಆದ್ದರಿಂದ ತಲೆಗೆ ತಲೆ ಎಂಬ ನಿಯಮ. ಇಲ್ಲಿಂದ ಒಬ್ಬರು ಹೋದರೆ ಅಲ್ಲಿಂದ ಒಬ್ಬರು ಬಂದು ಅವರ ಮನೆಯಲ್ಲಿರಬೇಕು, ಬೇಸಿಗೆಯ ಎರಡು ತಿಂಗಳ ಮಟ್ಟಿಗೆ. ಇಬ್ಬರೂ ಒಂದೇ ದಿನ ಹೊರಡಬೇಕು, ಒಂದೇ ದಿನ ಮರಳಬೇಕು. ಒಬ್ಬರು ಹಡಗು ಹತ್ತದಿದ್ದರೆ ಇನ್ನೊಬ್ಬರನ್ನೂ ಹತ್ತಿಸುವುದಿಲ್ಲ, ಏಳು ವರ್ಷಕ್ಕೆ ಬರುವ ಮುಂದಿನ ಪಾಳಿಯವರೆಗೆ ಇಬ್ಬರೂ ಇದ್ದಲ್ಲೇ ಇರಬೇಕು. ನನ್ನ ಜೋಡಿ ಅಂಪಾರೊ ಎಂಬ ಮೂವತ್ತೈದರ ಹೆಂಗಸು. ನಾವು ಎದುರುಬದುರಾಗಿ ಭೇಟಿಯೇ ಆಗಿಲ್ಲ. ಅವಳು ನನ್ನ ಹಾಸಿಗೆಯಲ್ಲಿ ಮಲಗುತ್ತಾಳೆ, ನಾನು ಅವಳದರಲ್ಲಿ.

ಈ ಬೇಸಿಗೆಯ ಮೊದಲಿಗೆ ನಾನು ಹೊರಟಾಗ ಬ್ರಿಜಿಡಕ್ಕ ಸಂಡಿಗೆ ಹಿಟ್ಟಿನ ಡಬ್ಬಿ ಕೈಗಿಟ್ಟಳು. “ಒಂದಽ ಒಂದು ಸಲ ಖರೇ ಬಿಸಿಲಾಗ ಒಣಗಿಸಿ ತಗೊಂಡು ಬಾ. ಸಾಯೂದ್ರಾಗ ಖರೇ ಸಂಡಿಗಿ ಹೆಂಗಿರ್ತೈತಿ ಅಂತ ನೋಡ್ತೀನಿ,” ಎಂದಳು. ನಾನು ಇಲ್ಲಿಗೆ ಬಂದ ಮರುದಿನವೇ ಹಿಟ್ಟು ಕಾಯಿಸಿಕೊಂಡು, ಹಳೆಯ ಬಿಳಿ ಸೀರೆಯೊಂದನ್ನು ಹಿಡಿದು ತಾರಸಿ ಹತ್ತಿದೆ. ಹೊತ್ತು ನಡುನೆತ್ತಿಗೆ ಬಂದಿತ್ತು. ಊರೆಲ್ಲ ನಿಶ್ಶಬ್ದ. ಬಿಸಿಲು ಬಂದರೆ ಜನ ಹೊರಗೆ ಓಡುತ್ತಾರೆ ಎಂದು ತಿಳಿದವಳು ನಾನು. ಇಲ್ಲಿಯವರು ಎಂಥ ಸೋಮಾರಿಗಳು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಮುಖ ಮೇಲೆತ್ತಿದೆ. ಅಜ್ಜಿ, ಸುಳ್ಳು ಹೇಳುವುದಿಲ್ಲ, ಆ ಮೊದಲ ಗಳಿಗೆ ಎಷ್ಟು ಸುಖವಾಗಿತ್ತೆಂದರೆ ಕಣ್ಣಲ್ಲಿ ನೀರು ಬಂತು.

ಎರಡನೆಯ ಸಾಲು ಸಂಡಿಗೆ ಇಡುವಷ್ಟರಲ್ಲಿ ಮೊದಲ ಸಾಲು ಕಂದು ಬಣ್ಣಕ್ಕೆ ತಿರುಗಿತು. ಅವು ಒಣಗಲಿಲ್ಲ, ಬೆಂದವು. ಅಂಗಾಲು ಸುಟ್ಟು, ತಲೆ ತಿರುಗಿ, ಕೂತಲ್ಲಿಂದ ಏಳಲಾಗಲಿಲ್ಲ. ಪಕ್ಕದ ಮನೆಯ ಮುದುಕ ಸೆಲ್ಸೊ ಒದ್ದೆ ಕಂಬಳಿ ಹೊದ್ದು ಓಡಿಬಂದು ನನ್ನನ್ನು ಎಳೆದುಕೊಂಡು ಮೆಟ್ಟಿಲಿಳಿದ. ನನ್ನ ಕಿವಿಯಲ್ಲಿ ಮಾತುಮಣಿ ಇರುತ್ತದೆ. ಅದು ಯಾವ ಭಾಷೆಯನ್ನಾದರೂ ನಮ್ಮ ಮನೆಯ ಕನ್ನಡಕ್ಕೆ ತಿರುಗಿಸಿ ಹೇಳುತ್ತದೆ. ಅದು ಕನ್ನಡ ಕಲಿತದ್ದು ಬ್ರಿಜಿಡಕ್ಕನ ಬಾಯಿಂದಲೇ ಆದ್ದರಿಂದ ಸೆಲ್ಸೊನ ಸ್ಪ್ಯಾನಿಷ್ ಬೈಗುಳ ನನಗೆ ಹೀಗೆ ಕೇಳಿಸಿತು: “ಹುಚ್ಚು ಹಿಡದೈತೇನವಾ ನಿನಗ? ಮುಚ್ಚುವೇಳ್ಯಾಗ ಮ್ಯಾಲ ಹತ್ತತಾರೇನು? ಸಾಯಾಕ ಬಂದೀಯೋ, ಬದುಕಾಕ ಬಂದೀಯೋ?” ಮುಚ್ಚುವೇಳೆ ಅಂದರೆ ಬೆಳಗಿನಿಂದ ಸಂಜೆಯವರೆಗಿನ ಹೊತ್ತು, ಯಾರೂ ನೆಲದ ಮೇಲೆ ಕಾಣಿಸಿಕೊಳ್ಳಬಾರದು. ವಿಷಯ ತಿಳಿದ ಬ್ರಿಜಿಡಕ್ಕ ಮೊದಲು ನನ್ನ ಅಂಗಾಲನ್ನು ವಿಚಾರಿಸಿದಳು, ಆಮೇಲೆ ಸಂಡಿಗೆಯನ್ನು.

ಅಂದಿನಿಂದ ಹಗಲೆಲ್ಲ ಈ ನೆಲಮನೆಯಲ್ಲಿದ್ದೇನೆ. ಮೂರು ಕೋಣೆ, ಎಲ್ಲವೂ ನೆಲದಡಿ. ಚಾವಣಿಗೆ ಅಂಪಾರೊಳ ತಾಯಿ ಬೂದುಬಣ್ಣದ ಮೋಡಗಳನ್ನು ಬರೆದಿದ್ದಾಳೆ. ನಮ್ಮ ಮನೆಯ ಚಾವಣಿಗೆ ನಾವು ಹಳದಿ ಬಳಿದುಕೊಂಡಿರುವುದು ನೆನಪಾಗಿ ನಗು ಬಂತು. ಸೂರ್ಯ ಮುಳುಗಿದ ಮೇಲೆ ಜನ ಹೊರಬಂದು ಬೀದಿಯಲ್ಲಿ ಕೂತು, ಬೆಚ್ಚಗಿನ ಕಲ್ಲಂಗಡಿ ತಿನ್ನುತ್ತಾ ಮಳೆಯ ಬಗ್ಗೆ ಮಾತಾಡುತ್ತಾರೆ. ನಾನು ಗಾಲ್ವೇಯವಳೆಂದು ತಿಳಿದು ಮುಗಿಬಿದ್ದರು. ಮಳೆ ಬಂದಾಗ ಮಣ್ಣಿನ ವಾಸನೆ ಹೇಗಿರುತ್ತದೆ, ಮೈಮೇಲೆ ಬಿದ್ದರೆ ಜುಮ್ಮೆನ್ನುತ್ತದೆಯೇ ಎಂದೆಲ್ಲ ಕೇಳಿದರು. ನನಗೆ ತಿಳಿದಿದ್ದು ಬೈಗುಳ ಮಾತ್ರ. ಬೈಯುತ್ತಾ ಬೈಯುತ್ತಾ ವರ್ಣಿಸಿದೆ, ಅವರು ಬಾಯಿ ಬಿಟ್ಟುಕೊಂಡು ಕೇಳಿದರು. ಎರಡು ವಾರಕ್ಕೆ ನನ್ನ ಬಿಸಿಲಿನ ಆಸೆ ತೀರಿ, ಒದ್ದೆ ಚಪ್ಪಲಿಯ ಸದ್ದಿಗೆ ಜೀವ ಹಂಬಲಿಸತೊಡಗಿತು.

ಅಂಪಾರೊಳ ಸಂಗತಿ ನನಗೆ ತಿಳಿದದ್ದು ತಡವಾಗಿ. ಮಾತುಗನ್ನಡಿಯಲ್ಲಿ, ಅಂದರೆ ದೂರದವರ ಮುಖ ತೋರಿಸುವ ಕನ್ನಡಿಯಲ್ಲಿ, ಅವಳು ದಿನಾ ಕಾಣಿಸಿಕೊಂಡು “ಇವತ್ತೂ ಮಳಿ ಬಂತು” ಎಂದು ಹೇಳಿ ನಗುತ್ತಿದ್ದಳು. ನಮ್ಮ ಮಾಡು ಸೋರುವ ಕಡೆಯೆಲ್ಲ ಪಾತ್ರೆ ಇಟ್ಟು, ತುಂಬಿದ ನೀರನ್ನು ಚೆಲ್ಲಲು ಬಿಡದೆ ಬ್ರಿಜಿಡಕ್ಕನೊಂದಿಗೆ ಜಗಳವಾಡಿದ್ದಳಂತೆ. ಅಡುಗೆಮನೆಯಲ್ಲಿ ಈಗ ಅಡುಗೆಗೇ ಪಾತ್ರೆ ಇಲ್ಲ. ಬರಬರುತ್ತಾ ಅವಳ ಹೊಟ್ಟೆ ಎದ್ದು ಕಾಣಿಸತೊಡಗಿತು. ಇದು ಮೂರನೆಯ ಬಸಿರು. ಹಿಂದಿನ ಎರಡೂ ಇದೇ ನೆಲಮನೆಯಲ್ಲಿ, ಇದೇ ಉದ್ದನೆಯ ಜುಲೈಯಲ್ಲಿ, ಸೆಕೆ ತಾಳದೆ ಇಳಿದುಹೋದವು. ಈ ಸೀಮೆಯಲ್ಲಿ ಬೇಸಿಗೆಯ ಬಸಿರು ನಿಲ್ಲುವುದೇ ಅಪರೂಪ ಎಂದು ಸೆಲ್ಸೊ ಹೇಳಿದ. ಹೋದ ವಾರ ಅವಳು ಮಳೆಯಲ್ಲಿ ನಿಂತಿದ್ದಾಗ ಮಗು ಮೊದಲ ಸಲ ಮಿಸುಕಿತಂತೆ. ನಾನು ಮರಳಿದರೆ ಅವಳೂ ಮರಳಬೇಕು, ಈ ಸೆಕೆಗೆ, ಈ ಕೋಣೆಗೆ.

ಅವಳು ಅಲ್ಲೇ ಇರುತ್ತೇನೆಂದು ಬಾಯಿಬಿಟ್ಟು ಕೇಳಿಲ್ಲ. ನಿನ್ನೆ ಬ್ರಿಜಿಡಕ್ಕ ಒಬ್ಬಳೇ ಕನ್ನಡಿಗೆ ಬಂದಳು. “ಆಕಿ ಕೇಳಿದ್ರ ನಾ ಆಗಂಗಿಲ್ಲ ಅಂತಿದ್ದೆ. ಕೇಳವಲ್ಲಳು ನೋಡು. ಸುಮ್ನ ಪೆಟಿಗಿ ಕಟ್ಟಾಕತ್ಯಾಳ,” ಎಂದಳು. ನೀನೇನು ಹೇಳುತ್ತೀ ಎಂದು ನಾನು ಕೇಳಿದೆ. ಅಕ್ಕನಿಗೆ ಎಪ್ಪತ್ತು ದಾಟಿದೆ, ಎದೆ ಸರಿಯಿಲ್ಲ. ಏಳು ವರ್ಷವೆಂದರೆ ಏನೆಂದು ಇಬ್ಬರಿಗೂ ಗೊತ್ತು. “ನೀ ಬರಬೇಕು ಅಂತ ನನಗ ಭಾಳ ಆಸೆ ಐತಿ. ಆದ್ರ ಬಾ ಅನ್ನಾಕ ಬಾಯಿ ಬರವಲ್ದು,” ಎಂದಳು. ಜಗಳಗಂಟಿ ಮಳೆ ಅವಳ ಹಿಂದಿನ ಕಿಟಕಿಗೆ ಬಡಿಯುತ್ತಿತ್ತು. ನಾನು ಅವಳ ಮುಖಕ್ಕಿಂತ ಆ ಕಿಟಕಿಯನ್ನೇ ಹೆಚ್ಚು ನೋಡಿದೆ.

ಇಲ್ಲಿಯವರೆಗೆ ಬರೆದು ಲೇಖನಿ ಕೆಳಗಿಟ್ಟಿದ್ದೆ. ಮನೆಗೆ ಹೋಗಬೇಕೆಂದು ಬಹಳ ಆಸೆಯಿದೆ, ಅಜ್ಜಿ. ಅಕ್ಕನನ್ನು ಇನ್ನೊಮ್ಮೆ ಮುಟ್ಟುತ್ತೇನೋ ಇಲ್ಲವೋ ಎಂದು ಭಯವಾಗುತ್ತದೆ. ಆದರೂ ಆ ಹುಡುಗಿಯನ್ನು ಈ ಕೋಣೆಗೆ ಕರೆಸಿ ನಾನು ಆ ಕೋಣೆಯಲ್ಲಿ ಮಲಗಿದರೆ ನಿದ್ದೆ ಬರುವುದಿಲ್ಲ. ಈಗ ಮುಚ್ಚುವೇಳೆ ಮುಗಿಯುತ್ತಲೇ ಸೆಲ್ಸೊನ ಕೈಯಲ್ಲಿ ಬಂದರಿಗೆ ಹೇಳಿಕಳಿಸಿದೆ, ನನ್ನ ಜಾಗ ಖಾಲಿ ಎಂದು. ಕನ್ನಡಿಯಲ್ಲಿ ಬ್ರಿಜಿಡಕ್ಕನಿಗೂ ಹೇಳಿದೆ. “ಛಲೋ ಆತು ಬಿಡು,” ಎಂದು ಕನ್ನಡಿಯನ್ನು ಗೋಡೆ ಕಡೆ ತಿರುಗಿಸಿಬಿಟ್ಟಳು. ಗೋಡೆಯಷ್ಟೇ ಕಾಣಿಸಿತು. ಇಬ್ಬರು ಹೆಂಗಸರು ಅಳುವುದು ಕೇಳಿಸಿತು.

ಇನ್ನು ನಿಮ್ಮ ವಿಷಯ. ಈ ಪತ್ರವನ್ನು ನೀವು ಗೋಡೆಯನ್ನು ಕೇಳಿ ಅತ್ತ ಆ ದಿನಕ್ಕೇ ಹಾಕುತ್ತಿದ್ದೇನೆ. ಆ ಎರಡನೆಯ ಬೇಸಿಗೆಯಲ್ಲಿ ಮರಳುಗಾಡಿನ ಯಾವುದೋ ಆಸ್ಪತ್ರೆಯಿಂದ ನಿಮಗೆ ಕರೆ ಬಂದಿತ್ತಂತೆ. ವರ್ಷವಿಡೀ ಬಿಸಿಲು, ಒದ್ದೆ ಶೂ ಇಲ್ಲ. ಆಗಷ್ಟೇ ಕೊಂಡ ಆ ಹಳೆಯ ಮನೆಯನ್ನು ಮಾರಿ ಹೊರಡಲು ನಿಂತಿದ್ದಿರಂತೆ. ಕೊನೆಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ಮಕ್ಕಳು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದಿರಂತೆ. ಈ ಪತ್ರ ತಲುಪಿತ್ತೇನೋ ಎಂದು ನನಗೆ ಆಸೆ.

ಬಿಸಿಲು ಬೇಕೆನ್ನುವುದು ತಪ್ಪಲ್ಲ. ರಜೆ ಹಾಕಿ, ಎಲ್ಲಾದರೂ ಹೋಗಿ, ಚೆನ್ನಾಗಿ ಬೆನ್ನು ಕಾಯಿಸಿಕೊಂಡು ಬನ್ನಿ. ನಿಮ್ಮ ಕಾಲದಲ್ಲಿ ಅದು ಇನ್ನೂ ಸಾಧ್ಯವಿದೆ. ಆದರೆ ಮರಳಿ ಬನ್ನಿ, ಮನೆ ಮಾರಬೇಡಿ. ಮಾಡು ಸೋರುತ್ತದೆ, ಗೋಡೆಗೆ ಬೂಸಲು ಹಿಡಿಯುತ್ತದೆ, ಜೂನಿನಲ್ಲೂ ಕೋಟು ಬೇಕು, ಎಲ್ಲ ನಿಜ. ಇವತ್ತು ಬೇಕಾದರೆ ಅಳಿ, ಮಳೆಗೆ ಬಾಯಿತುಂಬ ಬೈಯಿರಿ. ನಾಳೆ ಎದ್ದು ಕೆಲಸಕ್ಕೆ ಹೋಗಿ, ಸಂಜೆ ಅದೇ ಮನೆಗೆ ಬನ್ನಿ. ನನ್ನ ಕಾಲದ ಈ ಚಳಿಗಾಲದಲ್ಲಿ ಅಲ್ಲಿ ಅಂಪಾರೊಳ ಮಗು ಹುಟ್ಟಬೇಕಾಗಿದೆ. ಅದಕ್ಕೆ ಬೇರೆಲ್ಲೂ ಜಾಗವಿಲ್ಲ.

ನಿಮ್ಮವಳು,
ಸುಕೃತಾ