ಕಳ್ಳ ಕುಬಸದ ಬುಟ್ಟಿ

ಬಾಗಲಕೋಟೆ, ದವಾಖಾನೆಯಿಂದ
ಮಂಗಳವಾರ, 11-2-2025, ಮಧ್ಯಾಹ್ನ

ನನ್ನ ಬಂಗಾರದಂಥ ರಾಜಿಗೆ,

ನಿನ್ನ ಅವ್ವ ಮಹಾನಂದಾ ಮಾಡುವ ಆಶೀರ್ವಾದ. ಮುಂದೆ ಓದುವ ಮೊದಲು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಬಾ. ಬುಟ್ಟಿಯಲ್ಲಿರುವುದನ್ನು ಇನ್ನೂ ಬಾಯಿಗೆ ಹಾಕಿಕೊಂಡಿಲ್ಲ ತಾನೇ? ಹಾಕಿಕೊಳ್ಳಬೇಡ. ಕರಿಗಡಬು ಬೇಡ, ಗೋದಿ ಹುಗ್ಗಿ ಬೇಡ, ಶೇಂಗಾ ಹೋಳಿಗೆಯಂತೂ ಬೇಡವೇ ಬೇಡ. ಬಸುರಿ ಮಗಳಿಗೆ ಮೂರನೇ ತಿಂಗಳ ಕಳ್ಳ ಕುಬಸದ ಬುಟ್ಟಿ ಕಳಿಸಿ, ಅದರೊಳಗೇ ತಿನ್ನಬೇಡ ಅಂತ ಕಾಗದ ಇಡುವ ತಾಯಿ ಇಳಕಲ್ಲಿನಿಂದ ಬಾದಾಮಿಯವರೆಗೆ ಹುಡುಕಿದರೂ ನಾನೊಬ್ಬಳೇ ಸಿಕ್ಕೇನು. ಅವ್ವನಿಗೆ ತಲೆ ಕೆಟ್ಟಿದೆ ಅನ್ನಬೇಡ. ನಿನ್ನ ಜೀವದ ಮಾತು, ನಿನ್ನ ಹೊಟ್ಟೆಯಲ್ಲಿರುವ ಕೂಸಿನ ಮಾತು. ಕೊನೆಯವರೆಗೆ ಓದು.

ಫೋನು ಮಾಡಬಹುದಿತ್ತಲ್ಲ ಅಂತೀ. ನಿನ್ನ ಫೋನು ಯಾವಾಗಲೂ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಸ್ಪೀಕರಿನಲ್ಲೇ ಮಾತಾಡುತ್ತದೆ. ನಾನು ಒಂದು ಮಾತು ಅನ್ನುವುದರೊಳಗೆ ನಿಮ್ಮ ಅತ್ತೆ ದುರ್ಗವ್ವನವರು ಅದಕ್ಕೆ ಎರಡು ಕೂಡಿಸಿರುತ್ತಾರೆ. ಅಡುಗೆ ಮಾಡಿ ಬುಟ್ಟಿ ತುಂಬಿ ತರುವ ನಿನ್ನ ಶಿವಗಂಗಾ ಚಿಗವ್ವನಿಗೂ ಈ ಕಾಗದದ ಸುದ್ದಿ ಗೊತ್ತಿಲ್ಲ. ಅವಳು ನನ್ನ ಒಡಹುಟ್ಟಿದ ತಂಗಿ, ನಿಜ, ಆದರೆ ಅವಳ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಅದಕ್ಕೇ ಕುಬಸ ಹೊಲಿಸಲಿಕ್ಕೆ ಇಟ್ಟ ಗುಳೇದಗುಡ್ಡದ ಖಣದ ಮಡಿಕೆಯಲ್ಲಿ ಇಟ್ಟಿದ್ದೇನೆ. ನೀನು ನೇಕಾರರ ಮಗಳು. ಯಾರು ಯಾವ ಬಟ್ಟೆ ಕೊಟ್ಟರೂ ಮೊದಲು ಮಡಿಕೆ ಬಿಚ್ಚಿ ಹಿಂಬದಿಯ ನೇಯ್ಗೆ ನೋಡುತ್ತೀ. ಓದಿಯಾದ ಮೇಲೆ ಇದನ್ನು ಹರಿದು ಒಲೆಗೆ ಹಾಕು.

ಮೊದಲು ನಿಮ್ಮಪ್ಪನ ಸುದ್ದಿ ಹೇಳಿಬಿಡುತ್ತೇನೆ. ಕಾಲಿಗೆ ಮುಳ್ಳು ನೆಟ್ಟಿದೆ, ತೋರಿಸಿಕೊಂಡು ಬರಲಿಕ್ಕೆ ಬಾಗಲಕೋಟೆಗೆ ಬಂದಿದ್ದೇವೆ ಅಂತ ಹೋದ ವಾರ ನಿನಗೆ ಹೇಳಿದೆನಲ್ಲ, ಅದು ಸುಳ್ಳು. ಶುಕ್ರವಾರ ಬಲಗಾಲಿನ ಎರಡು ಬೆರಳು ತೆಗೆದರು. ಕೊಳೆತ ಅಲ್ಲಿಗೂ ನಿಲ್ಲಲಿಲ್ಲ. ನಾಳೆ ಮುಂಜಾನೆ ಹತ್ತಕ್ಕೆ ಇಡೀ ಪಾದ ತೆಗೆಯುತ್ತಾರೆ. ನಾನೇ ಸಹಿ ಮಾಡಿದ್ದೇನೆ ರಾಜಿ.

ಮೂವತ್ತೈದು ವರ್ಷ ಕುಣಿಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಇಳಕಲ್ ಸೀರೆ ನೇಯ್ದ ಮನುಷ್ಯ. ಈ ಸಲ ದೀಪಾವಳಿ ಆದ ಮೇಲೆ ನೇಯುತ್ತ ನೇಯುತ್ತ ಬಗ್ಗಿ ಬಗ್ಗಿ ಕುಣಿಯೊಳಗೆ ನೋಡುವುದು ಶುರುವಾಯಿತು. ಚೇಳು ಸೇರಿಕೊಂಡಿದೆಯೇನೋ ಅಂತ ನಾನು ಕೇಳಿದರೆ ನಕ್ಕು, ‘ಚೇಳಲ್ಲೇ, ಕಾಲು ಕಾಲುಮಣಿ ಮ್ಯಾಲೈತೋ ಇಲ್ಲೋ ಅಂತ ನೋಡಾಕತ್ತೇನಿ’ ಅಂದರು. ಕಾಲಿನ ಸ್ಪರ್ಶವೇ ಹೋಗಿದೆ ಅಂತ ಆಗಲೇ ನನಗೆ ತಿಳಿಯಿತು. ದವಾಖಾನೆಗೆ ನಡೆಯಿರಿ ಅಂದರೆ ಸಂಕ್ರಾಂತಿ ಆಗಲಿ ಅಂದರು. ಆಮೇಲೆ ಕೈಯಲ್ಲಿರುವ ಸೀರೆ ಇಳಿಯಲಿ ಅಂದರು. ಏಳು ವರ್ಷದ ಸಕ್ಕರೆ ಕಾಯಿಲೆ, ಗುಳಿಗೆ ಮಾತ್ರ ನೆನಪಾದ ದಿನ. ಚಹಾಕ್ಕೆ ಸಕ್ಕರೆ ಬೇಡ ಅಂತ ನಾನು ಗಂಟಲು ಹರಿದುಕೊಂಡರೆ, ‘ಬೆಲ್ಲದಿಂದ ಏನೂ ಆಗೂದಿಲ್ಲ, ಅದು ಔಷಧ’ ಅಂತ ನನಗೇ ಪಾಠ ಹೇಳುತ್ತಿದ್ದರು. ಒಂದು ದಿನ ಕಸ ಬಳಿಯಲಿಕ್ಕೆ ನಾನೇ ಕುಣಿಗೆ ಇಳಿದೆ. ತುಳಿಯುವ ಕಾಲುಮಣೆಯ ಕಟ್ಟಿಗೆಯಿಂದ ಒಂದು ಸಿಬಿರು ಎದ್ದು ನಿಂತಿತ್ತು. ಅದರ ಸುತ್ತ ರಕ್ತ ಒಣಗಿ ಕರ್ರಗಾಗಿತ್ತು, ಕೀವಿನ ವಾಸನೆ ಬೇರೆ. ಮೂರು ದಿನದಿಂದ ಅದೇ ಸಿಬಿರಿನ ಮೇಲೆ ಕಾಲಿಟ್ಟು ನೇಯ್ದಿದ್ದಾರೆ, ಅವರಿಗೆ ಅದರ ಅರಿವೇ ಇಲ್ಲ.

ನಿನ್ನೆ ಮಲಗಿದಲ್ಲೇ ನನ್ನ ಕೈ ಹಿಡಿದು ಒಂದು ಮಾತಂದರು. ‘ಊರ ಮಂದಿಗೆಲ್ಲಾ ಸೂಜಿ ಚುಚ್ಚಿ ಬುದ್ಧಿ ಹೇಳಾಕಿ, ನನಗ್ಯಾಕ ಜಬರ್ದಸ್ತಿ ಮಾಡ್ಲಿಲ್ಲ ನೀ? ನಾಕು ಬೈದು, ಎಳಕೊಂಡು ಹೋಗಬೇಕಿತ್ತು.’ ಅವರು ಅಂದದ್ದು ತಮ್ಮ ಬಗ್ಗೆ. ನನಗೆ ಕೇಳಿದ್ದು ಮಾತ್ರ ನಿನ್ನ ಹೆಸರು. ಮೂರು ವರ್ಷದಿಂದ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ತಿರುಗುತ್ತಿದ್ದೇನೆ ರಾಜಿ. ಇನ್ನು ಆಗುವುದಿಲ್ಲ.

ಕೇಳು. ನಿನ್ನ ಮದುವೆಗೆ ಒಂದೂವರೆ ತಿಂಗಳು ಇತ್ತು. ಜುಲೇಖಾ ನರ್ಸಬಾಯಿ ಮತ್ತು ನಾನು ಓಣಿ ಓಣಿ ತಿರುಗಿ ಮೂವತ್ತು ದಾಟಿದವರ ಸಕ್ಕರೆ, ಬಿಪಿ ನೋಡುತ್ತಿದ್ದೆವು. ಆಶಾ ಕೆಲಸದ ಚೀಲ ಮನೆಯಲ್ಲಿ ಇಳಿಸಿದ ಕೂಡಲೇ ನೀನು ಬಂದು ಬೆರಳು ಚಾಚಿದೆ. ‘ನನಗೂ ಚುಚ್ಚವಾ, ಎಷ್ಟ ಸಿಹಿ ಅದೇನಿ ನೋಡೂಣು’ ಅಂತ ನಗಾಡಿದೆ. ಚುಚ್ಚಿದೆ. ಇನ್ನೂರಾ ನಲವತ್ತಾರು ತೋರಿಸಿತು. ಎಷ್ಟವಾ ಅಂತ ಕೇಳಿದೆ ನೀನು. ಮಷೀನು ಕೆಟ್ಟಿದೆ ಅಂದೆ ನಾನು.

ಮಷೀನು ಕೆಟ್ಟಿರಲಿಲ್ಲ. ಎರಡು ದಿನ ಬಿಟ್ಟು ನಿನಗೆ ರಕ್ತ ಕಡಿಮೆ ಇದೆಯೇನೋ ನೋಡೋಣ ಅಂತ ಹುನಗುಂದಕ್ಕೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋದೆನಲ್ಲ, ನೆನಪಿದೆಯೇ? ಬರುವಾಗ ನಿನಗೆ ಹಸಿರು ಬಳೆ ಇಡಿಸಿದೆ. ಅವತ್ತು ತೆಗೆಸಿದ್ದು ಸಕ್ಕರೆ ನೋಡುವ ರಕ್ತ. ರಿಪೋರ್ಟು ಮರುದಿನ ನಾನೊಬ್ಬಳೇ ಹೋಗಿ ತಂದೆ. ಮೂರು ತಿಂಗಳ ಸರಾಸರಿಯೂ ಹೆಚ್ಚೇ ಇತ್ತು. ಇಪ್ಪತ್ತೆರಡು ವರ್ಷದ ನನ್ನ ಮಗಳಿಗೆ ಸಕ್ಕರೆ ಕಾಯಿಲೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಇಳಕಲ್ಲಿನವರೆಗೂ ಅತ್ತೆ.

ನಿಶ್ಚಯ ಆಗಿಹೋಗಿತ್ತು. ಸೋಮಲಿಂಗನಂಥ ಅಳಿಯ, ನಾಕು ಮಂದಿ ಮೆಚ್ಚುವ ಮನೆ. ಬೀಗರು ನಿನ್ನ ಕೂದಲು, ಎತ್ತರ, ಕಸೂತಿ ಕೈಗೆಲಸ ಎಲ್ಲ ಕೇಳಿದ್ದರು, ಇದೊಂದನ್ನು ಕೇಳಿರಲಿಲ್ಲ. ಕೇಳದಿದ್ದದ್ದನ್ನು ನಾನ್ಯಾಕೆ ಹೇಳಬೇಕು ಅಂದುಕೊಂಡೆ. ರಿಪೋರ್ಟನ್ನು ದೇವರ ಜಗಲಿಯ ಹಾಸಿನ ಕೆಳಗೆ ತುರುಕಿದೆ. ನಿಮ್ಮಪ್ಪನಿಗೂ ಹೇಳಲಿಲ್ಲ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಅಂತಾರಲ್ಲ, ಅದು ನನ್ನನ್ನು ನೋಡಿಯೇ ಕಟ್ಟಿದ ಮಾತು.

ಆಮೇಲಿನ ನಲವತ್ತು ದಿನ ನೆನಪು ಮಾಡಿಕೋ. ಮುಂಜಾನೆ ಎಬ್ಬಿಸಿ ಊರ ಹೊರಗಿನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳ ತನಕ ನಡೆಸಿಕೊಂಡು ಹೋಗುತ್ತಿದ್ದೆ. ಎರಡೂ ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕಿ ಕಾಳು, ಹಸಿ ಸೌತೆಕಾಯಿ. ಚಹಾ ಬಂದ್, ಅನ್ನ ಒಂದೇ ಹಿಡಿ. ನೀನು ತಾಟು ದೂಡಿ, ‘ಮದುಮಗಳಿಗೆ ಯಾರರೆ ಹಿಂಗ ಬಾಯಿ ಕಟ್ಟತಾರೇನು? ನೀ ನನ್ನ ಹಡದಾಕಿನೋ, ಮಲತಾಯಿನೋ’ ಅಂತ ಅತ್ತಿದ್ದೆ. ಸೀರೆಯಲ್ಲಿ ತೆಳ್ಳಗೆ ಚೆಂದ ಕಾಣಬೇಕು ಅಂದೆ ನಾನು. ಮದುವೆಯ ಹಿಂದಿನ ವಾರ ನೀನು ನಿದ್ದೆಯಿಂದ ಏಳುತ್ತಿದ್ದಾಗ ಮತ್ತೆ ಚುಚ್ಚಿದೆ. ನೂರಾ ಎರಡಕ್ಕೆ ಇಳಿದಿತ್ತು! ಹೋಯಿತು, ಪೀಡೆ ತೊಲಗಿತು ಅಂತ ಬಸವಣ್ಣನಿಗೆ ಕಾಯಿ ಒಡೆದೆ. ಇದು ಹೋಗುವ ರೋಗ ಅಲ್ಲ, ಊಟ ತಿಂಡಿ ಹದ್ದುಬಸ್ತಿನಲ್ಲಿಟ್ಟರೆ ತಲೆ ತಗ್ಗಿಸಿಕೊಂಡು ಇರುತ್ತದೆ ಅಷ್ಟೇ ಅಂತ ಊರಿಗೆಲ್ಲ ಹೇಳಿದವಳು ನಾನು. ನನ್ನ ಮಗಳ ವಿಷಯಕ್ಕೆ ಬಂದಾಗ ಕಾಯಿ ಒಡೆದು ಮುಗಿಸಿದೆ.

ಅದೇ ನನ್ನನ್ನು ಕೊಲ್ಲುತ್ತಿರುವುದು ರಾಜಿ. ಆ ನಲವತ್ತು ದಿನವೇ ಔಷಧವಾಗಿತ್ತು. ರೊಟ್ಟಿ ನಿನ್ನ ಕೈಯಲ್ಲೇ ಇತ್ತು, ನಡೆಯುವ ಕಾಲೂ ನಿನ್ನವೇ. ಯಾಕೆ ಅಂತ ಒಂದು ಮಾತು ಹೇಳಿದ್ದರೆ ನೀನು ಗಂಡನ ಮನೆಯಲ್ಲೂ ಹಾಗೇ ಇರುತ್ತಿದ್ದೆ. ನೀನು ಹಟಮಾರಿ, ಮನಸ್ಸು ಮಾಡಿದರೆ ಬಿಡುವವಳಲ್ಲ. ಈಗ ನೋಡು, ದಿನಕ್ಕೆ ಐದು ಸಲ ಪಾಕದಂಥ ಚಹಾ, ಎರಡು ಹೊತ್ತು ಬಿಳಿ ಅನ್ನ, ಅಂಗಳ ದಾಟಿ ಹೋದರೆ ಸೊಸೆಗೆ ಬಿಸಿಲು ಬಡಿಯುತ್ತದೆ ಅನ್ನುವ ಅತ್ತೆ. ಅವರದು ಪ್ರೀತಿ. ಗೊತ್ತಿಲ್ಲದೆ ಮಾಡುವ ಪ್ರೀತಿ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತದ್ದು ನಾನು.

ಇನ್ನು ಮಾಡಬೇಕಾದದ್ದು ಹೇಳುತ್ತೇನೆ. ನಾಳಿದ್ದು ಮುಂಜಾನೆ ಏನೂ ತಿನ್ನದೆ ದವಾಖಾನೆಗೆ ಹೋಗು. ಮೊದಲಿನಿಂದಲೂ ಸಕ್ಕರೆ ಇತ್ತು ಅಂತ ಬಾಯಿ ಬಿಟ್ಟು ಹೇಳು. ಇಲ್ಲಿಗೆ ಬರುವಾಗ ಜಗಲಿಯಿಂದ ತೆಗೆದುಕೊಂಡು ಬಂದ ಹುನಗುಂದದ ರಿಪೋರ್ಟು ಇದರ ಜೊತೆಗೆ ಇಟ್ಟಿದ್ದೇನೆ, ತೋರಿಸು. ಇಲ್ಲಿನ ಡಾಕ್ಟರಮ್ಮನನ್ನು ನಮ್ಮ ಓಣಿಯ ಹುಡುಗಿಯೊಬ್ಬಳ ಸುದ್ದಿ ಅಂತ ಹೇಳಿ ಕೇಳಿದೆ. ‘ಈಗಿಂದೀಗ ಕಳಸ್ರಿ ಆಕಿನ್ನ. ಇನ್ಸುಲಿನ್ ಬೇಕಾದ್ರ ಅದನ್ನೂ ಕೊಡತಾರ, ಅಂಜೂದು ಬ್ಯಾಡ. ಸಕ್ಕರಿ ಹಿಡತದಾಗಿದ್ರ ತಾಯಿ ಕೂಸು ಇಬ್ರೂ ಛಲೋ ಇರಬಹುದು. ಇದರಾಗ ತಡಾ ಮಾಡೂದೊಂದ ತಪ್ಪು ನೋಡ್ರಿ’ ಅಂದರು. ಹಾಗಂತ ನೀನು ಹೆದರಿ ಊಟ ಬಿಟ್ಟು ಕೂರಬೇಡ, ಉಪವಾಸವೂ ಕೇಡೇ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಅವರೇ ಬರೆದುಕೊಡುತ್ತಾರೆ.

ಮನೆಯಲ್ಲಿ ಮಾತ್ರ ಏನೂ ಹೇಳಬೇಡ. ಖಣ ಉಡಿಯಲ್ಲಿ ಹಾಕಿ ಐದು ಮುತ್ತೈದೆಯರು ಬಾಯಿಗೆ ಸಿಹಿ ಇಟ್ಟರೆ ಓಕರಿಕೆ ಬಂದವಳ ಹಾಗೆ ಸೆರಗು ಅಡ್ಡ ಹಿಡಿದು ಉಗುಳಿಬಿಡು. ಚಹಾ ಬೇಡವಾಗಿದೆ, ಬಸುರಿ ಬಯಕೆ, ರೊಟ್ಟಿಯೇ ಬೇಕು ಅನಿಸುತ್ತದೆ ಅನ್ನು. ದವಾಖಾನೆಗೆ ಹೋಗುವಾಗ ಸೊಂಟ ನೋವು ಅನ್ನು. ಹೆತ್ತವಳೇ ಮಗಳಿಗೆ ಕೂತು ಸುಳ್ಳು ಹೇಳಿಕೊಡುತ್ತಿದ್ದಾಳೆ ನೋಡು! ಏನು ಮಾಡಲಿ, ನನಗೆ ಬೇರೆ ದಾರಿ ಕಾಣುವುದಿಲ್ಲ. ನಿನ್ನ ಸಂಸಾರ ಉಳಿಯಬೇಕು, ಕೂಸೂ ಉಳಿಯಬೇಕು.

ಅಪ್ಪನ ಕಾಲಿಗೆ ಅಳಬೇಡ. ಅತ್ತರೆ ಬರುವುದಿಲ್ಲ ಅದು. ನಿನ್ನ ಕಾಲು ದಿನಾ ನೋಡಿಕೋ, ಬರಿಗಾಲಲ್ಲಿ ನಡೆಯಬೇಡ.

ಸುಳ್ಳು ಹೇಳಿ ಹೇಳಿ ನಾಲಿಗೆ ಸವೆಸಿಕೊಂಡ,
ನಿನ್ನ ಅವ್ವ
ಮಹಾನಂದಾ

ತಾ.ಕ.: ಚಿಗವ್ವ ಬಸ್ಸು ಕೇಳಿಕೊಂಡು ಬರಲಿಕ್ಕೆ ಹೋಗಿದ್ದಾಳೆ. ಬುಟ್ಟಿಗೆ ಇನ್ನೂ ಬಟ್ಟೆ ಕಟ್ಟಿಲ್ಲ. ಬರೆದದ್ದನ್ನು ಮತ್ತೆ ಓದಿದೆ. ಬರಿಗಾಲು ಅಂತ ಬರೆದ ಕೈಗೆ ಮುಂದೆ ಸುಮ್ಮನಿರಲಿಕ್ಕೆ ಆಗಲಿಲ್ಲ.

ಹೋದ ಶ್ರಾವಣದಲ್ಲಿ, ಐದು ತುಂಬಿದಾಗ, ನಿನ್ನ ಮೊದಲ ಕೂಸು ಹೋಯಿತಲ್ಲ. ಅದಕ್ಕೂ ಮೊದಲು ನೀನು ಫೋನು ಮಾಡಿ, ಸಕ್ಕರೆ ನೀರು ಕುಡಿಸಿ ರಕ್ತ ತೆಗೆಯುವ ಪರೀಕ್ಷೆ ಬರೆದಿದ್ದಾರೆ, ಮಾಡಿಸಲೇನವ್ವಾ ಅಂತ ಕೇಳಿದ್ದೆ. ಆಶಾ ಕೆಲಸದವಳು, ನನಗೆ ಎಲ್ಲ ಗೊತ್ತು ಅಂತ ನನ್ನನ್ನೇ ಕೇಳಿದ್ದೆ. ಈಗೇನು ಅವಸರ, ಆರನೇ ತಿಂಗಳಾಗಲಿ ಅಂದೆ. ಪಂಚಮಿಗೆ ಬಂದು ನಿನ್ನ ಬಾಯಿಗೆ ಉಂಡಿ ಇಟ್ಟದ್ದೂ ಈ ಕೈಯೇ. ಹನ್ನೆರಡು ದಿನಕ್ಕೆ ಎಲ್ಲ ಮುಗಿಯಿತು. ಡಾಕ್ಟರು ನಿಮ್ಮ ಅತ್ತೆಯ ಎದುರಿಗೇ, ‘ಹುಡುಗಿಗೆ ಮದಲ ಸಕ್ಕರಿ ಇತ್ತೇನ್ರಿ?’ ಅಂತ ಕೇಳಿದರು. ‘ಏನೂ ಇಲ್ರಿ’ ಅಂದೆ. ಕೂಸು ಹೋದದ್ದು ಅದರಿಂದಲೇ ಅಂತ ಅವರು ಖಚಿತ ಹೇಳಲಿಲ್ಲ, ಇರಬಹುದು ಅಂದರು. ಮತ್ತೆ ಬಸುರಿ ಆಗುವ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು ಅಂತ ಚೀಟಿ ಬರೆದು ನನ್ನ ಕೈಯಲ್ಲಿ ಕೊಟ್ಟರು. ನಿನಗೆ ಕೊಡಲಿಲ್ಲ ನಾನು.

ದುರ್ಗವ್ವನವರು ನಿನ್ನ ಮೈದುನನ ಹೆಂಡತಿ, ಆ ನೆಗೆಣ್ಣಿಯ ಕಣ್ಣು ಬಿತ್ತು ಅಂದರು. ಹೌದು, ದೃಷ್ಟಿಯೇ ಆಗಿದೆ ಅಂದೆ ನಾನೂ. ಪಾಪ, ಆ ಹುಡುಗಿ ಏನು ಮಾಡಿದ್ದಳು! ನೀನು ಐದು ಶುಕ್ರವಾರ ಬನಶಂಕರಿಗೆ ಬರಿಗಾಲಲ್ಲಿ ನಡೆದು ಹರಕೆ ತೀರಿಸಿದೆ. ನಾನು ಅಂಗೈಯಲ್ಲಿ ಚೀಟಿ ಇಟ್ಟುಕೊಂಡು ನೋಡುತ್ತ ಕೂತೆ.

ಆ ಚೀಟಿಯನ್ನೂ ಖಣದಲ್ಲಿ ಇಟ್ಟಿದ್ದೇನೆ. ಈ ಕಾಗದ ಹರಿಯಬೇಡ. ಓಕರಿಕೆ, ಸೊಂಟ ನೋವು ಯಾವ ನಾಟಕವೂ ಬೇಡ. ಹಾಕಿಕೊಂಡ ಬಾಗಿಲು ತೆಗೆ, ಅತ್ತೆಯನ್ನು ಕೂಡಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ ಹೇಳು. ನಿನ್ನ ನೆಗೆಣ್ಣಿಯನ್ನೂ ಕರೆ. ಆಮೇಲೆ ಇದನ್ನು ತೆಗೆದುಕೊಂಡು ಎಲ್ಲರೂ ಕೂಡಿ ದವಾಖಾನೆಗೆ ಹೋಗಿ.

ದುರ್ಗವ್ವನವರು ಬೈಯಲಿ. ನನ್ನ ನಂಬರು ಅವರಿಗೆ ಗೊತ್ತಿದೆ. ಸ್ಪೀಕರ್ ಹಚ್ಚಿಯೇ ಮಾಡಲಿ. ನಾಳೆ ಹತ್ತಕ್ಕೆ ನಿಮ್ಮಪ್ಪನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಹೊರಗೆ ಬೆಂಚಿನ ಮೇಲೆ ಒಬ್ಬಳೇ ಕೂತಿರುತ್ತೇನೆ. ಎತ್ತುತ್ತೇನೆ.