ಗೇರ್‌ಬಾಕ್ಸಿನ ಕೊನೇ ಅಕ್ಷರ

ಮಂಗಳವಾರ, ಹದಿನಾಲ್ಕು.

ಮೇಷ್ಟ್ರ ಹಳೇ ಕಾರಿಗೆ ತರಿಸಿದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇವತ್ತು ಗ್ಯಾರೇಜಿಗೆ ಬಂತು, ಏರಿಸಹೋದರೆ ಕೂರಲೇ ಇಲ್ಲ. ಇಳಿಸಿಟ್ಟ ಹಳೆಯದನ್ನು ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ, ಮೈಮೇಲೆ ಅಚ್ಚೊತ್ತಿದ ನಂಬರಿನ ಕೊನೆಗೆ ಎಂಟು ಇದೆ. ಆರ್ಡರ್ ಕೊಟ್ಟ ದಿನ ಕಾರಿನಡಿ ತಲೆ ತೂರದೆ, ಜಿಡ್ಡಿನ ಮೇಲೆ ಬೆರಳಾಡಿಸಿ ಅದನ್ನು ಇಂಗ್ಲಿಷಿನ ಬಿ ಎಂದುಕೊಂಡು ಬಿಡಿಭಾಗದ ಅಂಗಡಿ ಹುಡುಗನಿಗೆ ಫೋನಿನಲ್ಲಿ ಹಾಗೇ ಹೇಳಿದವನು ನಾನೇ. ಅರ್ಧಕ್ಕೆ ಸ್ಕೂಲು ಬಿಟ್ಟವನ ಬೆರಳಿಗೆ ಎರಡೂ ಒಂದೇ.

ಮೇಷ್ಟ್ರ ಎಡಗಾಲಿಗೆ ಸ್ವಾಧೀನವಿಲ್ಲ. ಕ್ಲಚ್ ಇಲ್ಲದ ಈ ಕಾರೊಂದನ್ನೇ ಅವರು ಓಡಿಸಬಲ್ಲರು. "ಏನಪ್ಪಾ, ನಾನು ಸ್ಟೇರಿಂಗ್ ಹಿಡಿಯೋದು ಈ ಜನ್ಮದಲ್ಲೋ, ಮುಂದಿನದ್ರಲ್ಲೋ?" ಎಂದರು. ಹೆದರಿಕೆಗೆ ನನ್ನ ಬಾಯಿಂದ ಬಂದುಬಿಟ್ಟಿತು: "ಅಂಗಡಿ ಹುಡುಗ ತಪ್ಪು ಕಳ್ಸಿದಾನೆ ಸಾರ್."

ಮೇಷ್ಟ್ರು ನನ್ನೆದುರೇ ಅವನಿಗೆ ಫೋನು ಮಾಡಿ, "ಅಕ್ಷರ ಬರಲ್ವೇನೋ ನಿಂಗೆ?" ಎಂದು ಬೈದರು. ನಾನು ಸ್ಪ್ಯಾನರ್ ಒರೆಸುತ್ತಾ ನಿಂತೆ.

ಸಂಜೆ ಅವನೇ ನನಗೆ ಫೋನು ಮಾಡಿದ. "ಅಣ್ಣಾ, ಗಲಾಟೇಲಿ ನಾನೇ ತಪ್ಪು ಬರ್ಕೊಂಡೆ ಅನ್ಸುತ್ತೆ. ಇನ್ನೊಂದ್ಸಲ ನಂಬರ್ ಹೇಳಿ."

ಹೇಳಿದೆ. ಕೊನೆಗೆ ಎಂಟು ಎಂದೆ.

"ಛೆ, ಬಿ ಅಂತ ಬರ್ಕೊಂಡಿದೀನಿ ನೋಡಿ. ಮೇಷ್ಟ್ರ ಹತ್ರ ನನ್ ಪರವಾಗಿ ಒಂದ್ಮಾತು ಹೇಳಿ ಅಣ್ಣಾ."

"ಇರ್ಲಿ ಬಿಡೋ, ಹೇಳ್ತೀನಿ" ಎಂದೆ, ದೊಡ್ಡ ಮನಸ್ಸಿನವನ ಹಾಗೆ. ಅವನು ಥ್ಯಾಂಕ್ಸ್ ಬೇರೆ ಹೇಳಿದ.