ಸೋದರಮಾವನ ತೊಡೆ

ಚಿಕ್ಕಬಳ್ಳಾಪುರ
12-1-2025, ಭಾನುವಾರ

ಪ್ರೀತಿಯ ತಂಗಿ ಯಶೋದಾ,

ಕೆಮ್ಮು ಹೇಗಿದೆಯಮ್ಮ? ಸಕ್ಕರೆ ಕಾಯಿಲೆಯ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀಯೋ, ಇಲ್ಲ ಗೌರಿಬಿದನೂರಿನ ಚಳಿಗೆ ಬೆಲ್ಲದ ಕಾಫಿ ಕುಡಿದುಕೊಂಡು ಮಾತ್ರೆಗೆ ಚಕ್ಕರ್ ಹೊಡೆಯುತ್ತಿದ್ದೀಯೋ? ಮಗಳು ಲಾವಣ್ಯ, ಅವಳ ಕೂಸು ಆರೋಗ್ಯ ತಾನೆ? ಮಗುವಿಗೆ ಹಲ್ಲು ಮೂಡಿದೆ ಎಂದು ಆಂಜಿನಮ್ಮ ಹೇಳಿದಳು. ನಿನ್ನ ಅತ್ತಿಗೆಗೆ ತಲುಪಿದ ಸುದ್ದಿ ನಿನ್ನ ಅಣ್ಣನಿಗೆ ನೇರವಾಗಿ ಯಾಕೆ ತಲುಪಲಿಲ್ಲ ಎನ್ನುವುದನ್ನೂ ನಾನು ಗಮನಿಸಿದ್ದೇನೆ. ಇಲ್ಲಿ ಅವರೆಕಾಯಿ ಚೆನ್ನಾಗಿ ಬರುತ್ತಿದೆ. ಮೊನ್ನೆ ಹಿತುಕಿದ ಬೇಳೆ ಸಾರು ಮಾಡಿದಾಗ ನೀನಿದ್ದಿದ್ದರೆ ಎರಡು ಮುದ್ದೆ ಹೆಚ್ಚಿಗೆ ಇಳಿಯುತ್ತಿತ್ತು ಅನ್ನಿಸಿತು.

ಫೋನಿರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ನಿಮ್ಮ ಮನೆಯ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ನಾನು ಒಂದು ಹಲೋ ಅಂದರೆ ಆ ಕಡೆಯಿಂದ ನಾಲ್ಕು ಹಲೋ ಬರುತ್ತವೆ. ಅದರಲ್ಲಿ ಒಂದು ಈಚೆಗೆ ನಮ್ಮ ಚಿಕ್ಕಪ್ಪನ ಮಗ ವೇಣುಗೋಪಾಲನದ್ದೇ ಆಗಿರುತ್ತದೆ. ಚಿಂತಾಮಣಿಯವನಿಗೆ ಗೌರಿಬಿದನೂರಿನಲ್ಲಿ ಇಷ್ಟೊಂದು ಏನು ಕೆಲಸ?

ಹೋದ ತಿಂಗಳು ನೀನು ಒಂದು ಮಾತು ಹೇಳಿದೆ. "ಅಣ್ಣಾ, ವಿದುರಾಶ್ವತ್ಥದಲ್ಲಿ ಮಗೂಗೆ ಕಿವಿ ಚುಚ್ಚಿಸೋ ದಿನ ನೀನು ಕುರ್ಚೀಲಿ ಆರಾಮಾಗಿ ಕೂತ್ಕೊ. ನೆಲದ್ ಮೇಲೆ ಕೂರೋಕೆ ಯಾರಾದ್ರೂ ಇರ್ತಾರೆ ಬಿಡು." ಆ ಯಾರಾದ್ರೂ ಯಾರು? ಸೋದರಮಾವ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಅಲ್ಲಾಡದ ಹಾಗೆ ಹಿಡಿಯಬೇಕು, ಆಚಾರಿ ಎದುರು ಕೂತು ಚುಚ್ಚಬೇಕು. ನಮ್ಮಲ್ಲಿ ನಡೆದು ಬಂದಿರುವುದು ಹೀಗೆ. ಕುರ್ಚಿಯಲ್ಲಿ ಕೂತು ಚುಚ್ಚಿಸುವುದಾದರೆ ದೇವಸ್ಥಾನದವರೆಗೆ ಹೋಗುವುದು ಯಾಕೆ, ಒಡವೆ ಅಂಗಡಿಯಲ್ಲೇ ಮುಗಿಯುತ್ತದೆ. ಲಾವಣ್ಯಳಿಗೆ ಒಡಹುಟ್ಟಿದವನಿಲ್ಲ. ಅವಳ ಸೋದರಮಾವನಾದ ನಾನೇ ಅವಳ ಮಗನಿಗೂ ಆ ಜಾಗದಲ್ಲಿ ಕೂರಬೇಕಾದವನು. ಆದರೆ ಹೊಸ ವರ್ಷದ ದಿನ ವೇಣುಗೋಪಾಲ ಪದ್ಮಾಸನ ಹಾಕಿದ ತನ್ನ ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ. ಯಾರೂ ಕೇಳಿರಲಿಲ್ಲ. ಅದಕ್ಕೆ ಎಲ್ಲರಿಗಿಂತ ಮೊದಲು ಹೆಬ್ಬೆರಳು ತೋರಿಸಿದವಳು ನೀನು.

ನನ್ನ ಮಂಡಿಯ ವಿಷಯ ನಿನಗೆ ಗೊತ್ತು. ಟಿಕೆಟ್ ತಪಾಸಣೆ ಅಂತ ಮೂವತ್ತು ವರ್ಷ ಬಸ್ಸು ಹತ್ತಿ ಇಳಿದು ಸವೆದುಹೋಗಿದೆ. ಎರಡು ವರ್ಷದಿಂದ ನಾನು ನೆಲಕ್ಕೆ ಕೂತವನಲ್ಲ. ನಿನ್ನ ಫೋನು ಬಂದ ಮಾರನೆಯ ದಿನವೇ ಆಂಜಿನಮ್ಮ, ಬಸ್ ನಿಲ್ದಾಣದ ಹತ್ತಿರ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಕುರ್ಚಿ ಯೋಗ ಹೇಳಿಕೊಡುತ್ತಾರಂತೆ, ಹೋಗಿ ಬನ್ನಿ ಅಂದಳು. ಇದು ನೀವು ಅತ್ತಿಗೆ ನಾದಿನಿ ಕೂಡಿ ಮಾಡಿದ ಮಸಲತ್ತು ಎಂದೆ. "ಮೀಕು ಅಂತಾ ಅನುಮಾನಮೇ", ನಿಮಗೆ ಎಲ್ಲದರಲ್ಲೂ ಅನುಮಾನವೇ, ಎಂದು ತನ್ನ ತೌರಿನ ತೆಲುಗಿನಲ್ಲಿ ಗೊಣಗಿಕೊಂಡು ಒಳಗೆ ಹೋದಳು. ಇಲ್ಲ ಎಂದು ಮಾತ್ರ ಹೇಳಲಿಲ್ಲ.

ಹೊಸಬರಿಗೆ ಮೊದಲ ವಾರ ಪುಕ್ಕಟೆ ಎಂದು ಬೋರ್ಡು ಹಾಕಿದ್ದರು. ಪುಕ್ಕಟೆ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಕೊನೆಗೆ ಎಣ್ಣೆ ಸೀಸೆಯನ್ನೋ ಅಯಸ್ಕಾಂತದ ಹಾಸಿಗೆಯನ್ನೋ ತಲೆಗೆ ಕಟ್ಟುತ್ತಾರೆ ಎಂದುಕೊಂಡು ಮೂಲೆಮೂಲೆ ಹುಡುಕಿದೆ. ಕಿಟಕಿಯ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ತೆರೆದರೆ ನೀರು ಕುಡಿಯುವ ಲೋಟಗಳು. ಕಲಿಸುವವಳು ಶೋಭಾರಾಣಿ ಎಂಬಾಕೆ, ಶಿಡ್ಲಘಟ್ಟದಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಟಿಕೆಟ್ ಇಲ್ಲವೆಂದು ಆ ದಾರಿಯಲ್ಲೂ ಅವಳನ್ನು ಹಿಡಿಯುವ ಹಾಗಿಲ್ಲ.

ಕುರ್ಚಿಯ ಅರ್ಧಕ್ಕೆ ಮುಂದೆ ಬಂದು ಕೂರಬೇಕಂತೆ, ಪಾದ ಎರಡೂ ನೆಲಕ್ಕೆ ಊರಬೇಕಂತೆ, ಒರಗಬಾರದಂತೆ. ಒರಗುವ ಹಾಗಿಲ್ಲದ ಮೇಲೆ ಸ್ಟೂಲು ಸಾಕಿತ್ತಲ್ಲ! "ಉಸಿರು ತಗೊಳ್ಳಿ ಸರ್, ಹಿಡ್ಕೋಬೇಡಿ" ಅಂದಳು. ಇಷ್ಟು ವರ್ಷ ಯಾರ ಅಪ್ಪಣೆಯೂ ಇಲ್ಲದೆ ಉಸಿರಾಡಿಕೊಂಡು ಬಂದವನಿಗೆ ಈ ಮಾತು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಎಂದಳು. ಎಲ್ಲರ ಚಪ್ಪಲಿ ಬಾಗಿಲಲ್ಲಿರುವಾಗ ಕಣ್ಣು ಮುಚ್ಚಿಸುವವರನ್ನು ಹೇಗೆ ನಂಬುವುದು? ನಾನು ಒಂದು ಕಣ್ಣು ತೆರೆದೇ ಇಟ್ಟಿದ್ದೆ. ಪಕ್ಕದ ಕುರ್ಚಿಯಲ್ಲಿ ಖಲೀಮುಲ್ಲಾ ಸಾಹೇಬರು ಎಂದೊಬ್ಬರು, ರೇಷ್ಮೆ ಗೂಡಿನ ವ್ಯಾಪಾರ ಮಾಡಿ ಬಿಟ್ಟವರು. "ಒಂದೇ ತಿಂಗ್ಳು ಸಾಬ್, ಮಂಡಿಗೆ ಎಣ್ಣೆ ಬಿಟ್ಟಂಗಾಯ್ತು" ಎಂದರು. ಇಷ್ಟು ಚೆನ್ನಾಗಿ ಹೇಳಬೇಕಾದರೆ ಇವರು ಅವಳೇ ಕೂರಿಸಿದ ಜನ ಎಂದು ತೀರ್ಮಾನ ಮಾಡಿದೆ. ನಾಲ್ಕು ದಿನ ಕಳೆದ ಮೇಲೆ ಅವರೇ ನನ್ನ ಕಡೆ ಬಾಗಿ, "ನಿಮ್ಮನ್ನ ಇಲ್ಲಿ ಕೂರ್ಸಿರೋದು ಆಯಮ್ಮನೇನಾ?" ಎಂದು ಪಿಸುಗುಟ್ಟಿದರು. ಆಗಲೇ ಅವರ ಮೇಲೆ ನನಗೆ ನಂಬಿಕೆ ಬಂದದ್ದು.

ಒಂದೊಂದೇ ಕಾಲು ಚಾಚಿ ಹಿಡಿಯುವುದು, ಪಾದ ತಿರುಗಿಸುವುದು, ಕುರ್ಚಿಯ ಬೆನ್ನು ಹಿಡಿದು ಸೊಂಟ ತಿರುಗಿಸುವುದು, ಇಷ್ಟೇ. ನೋಡಿದರೆ ಮಕ್ಕಳಾಟ, ಮಾಡಿದರೆ ತೊಡೆ ನಡುಗುತ್ತದೆ. ಎರಡನೆಯ ವಾರ ನಾನು ಶೋಭಾರಾಣಿಯನ್ನು ಕರೆದು, ನೆಲದ ಮೇಲೆ ಕೂರುವುದು ಯಾವಾಗ ಎಂದು ಕೇಳಿದೆ. "ಕುರ್ಚೀಲೇ ಆರಾಮಾಗಿ ಕೂತ್ಕೊಳ್ಳಿ ಸರ್, ಅದ್ರಲ್ಲೇನು ತಪ್ಪು?" ಅಂದಳು. ನಿನ್ನದೇ ಮಾತು ಕಣೇ! ಇವಳಿಗೂ ನೀನು ಫೋನು ಮಾಡಿದ್ದೀಯಾ ಎಂದುಕೊಂಡೆ. ಆಮೇಲೆ ಬೇರೆ ದಾರಿ ಕಾಣದೆ, ಇದ್ದ ವಿಷಯ ಹೇಳಿಬಿಟ್ಟೆ, ಮಗು, ಕಿವಿ, ತೊಡೆ, ವೇಣುಗೋಪಾಲ, ಎಲ್ಲ. ಅವಳು ನಗಲಿಲ್ಲ. ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಮುಂದೆ ದಿಂಬು ಹಾಕಿ, ಸೀಟನ್ನು ಹಿಡಿದು ನಿಧಾನವಾಗಿ ಕೆಳಗಿಳಿಯುವುದನ್ನು ಅವತ್ತಿನಿಂದ ಕಲಿಸತೊಡಗಿದಳು. ಅವಳ ಮೇಲಿನ ಅನುಮಾನ ಪೂರ್ತಿ ಹೋಗಿಲ್ಲ, ಆದರೆ ಕಡಿಮೆಯಾಗಿದೆ.

ಇದನ್ನೆಲ್ಲ ಓದಿ, ಅಣ್ಣನಿಗೆ ಹೊಟ್ಟೆಕಿಚ್ಚು ಎಂದುಕೊಳ್ಳುತ್ತೀಯ. ಹೌದಮ್ಮ, ಹೊಟ್ಟೆಕಿಚ್ಚೇ. ನಮಗೆ ಮಕ್ಕಳಾಗಲಿಲ್ಲ. ನನ್ನ ತೊಡೆಯ ಮೇಲೆ ಹಕ್ಕಿನಿಂದ ಕೂತವಳು ಲಾವಣ್ಯ ಒಬ್ಬಳೇ. ಅವಳ ಕಿವಿ ಚುಚ್ಚಿದ ದಿನ ನನ್ನ ಹೆಬ್ಬೆರಳು ಕಚ್ಚಿ, ಅತ್ತು ಅತ್ತು ಹಾಗೇ ನಿದ್ದೆ ಹೋದಳು. ಊಟಕ್ಕೆ ಏಳಿ ಎಂದು ಎಲ್ಲರೂ ಕೂಗುತ್ತಿದ್ದರು, ನಾನು ಏಳಲಿಲ್ಲ. ನನ್ನ ಜೀವನದಲ್ಲಿ ಅಂಥ ಮಧ್ಯಾಹ್ನ ಇನ್ನೊಂದು ಬಂದಿಲ್ಲ. ಅವಳ ಮಗನನ್ನು ಇನ್ನೊಬ್ಬ ಹಿಡಿದುಕೊಂಡು ಕೂತಿರುವಾಗ ನಾನು ಕುರ್ಚಿಯಲ್ಲಿ ಬೀಗರ ಸಾಲಿನಲ್ಲಿ ಕೂತು ನೋಡುವುದು ನನ್ನಿಂದ ಆಗುವುದಿಲ್ಲ. ಹಾಗಿದ್ದರೆ ನಾನು ಬರುವುದೇ ಇಲ್ಲ.

ಆದರೆ ಆ ಮಾತೇ ಬೇಡ. ನಿನ್ನೆ ಸಂಜೆ ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಚಕ್ಕಳಮಕ್ಕಳ ಹಾಕಿ ಕೂತೆ. ಆಂಜಿನಮ್ಮನೇ ಸಾಕ್ಷಿ. ತೊಡೆಯ ಮೇಲೆ ಅಕ್ಕಿಯ ಚೀಲ ಇಟ್ಟುಕೊಂಡು ಕಾಫಿ ಕುಡಿದು ಮುಗಿಸಿದೆ, ಕಾಲು ಮಿಸುಕಲಿಲ್ಲ. ವೇಣುಗೋಪಾಲನಿಗೆ ಹೇಳು, ಅವನು ಬರಲಿ, ಊಟ ಮಾಡಲಿ, ಫೋಟೋ ಬೇಕಾದರೆ ತೆಗೆಯಲಿ. ಚಾಪೆ ನನ್ನದು.

ಲಾವಣ್ಯಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ಕೂಸಿನ ಎರಡೂ ಕಿವಿಗೆ ಒಂದೊಂದು ಮುತ್ತು. ನೀನು ಬೆಚ್ಚಗಿರು, ತಣ್ಣೀರು ಮುಟ್ಟಬೇಡ.

ನಿನ್ನ ಅಣ್ಣ,
ಮುದ್ದಪ್ಪ

ಮರೆತಿದ್ದೆ: ಇದನ್ನು ನೀನೊಬ್ಬಳೇ ಓದು. ಕೂರುವುದು ಬಂದಿದೆ, ಏಳುವುದು ಇನ್ನೂ ಬಂದಿಲ್ಲ. ನಿನ್ನೆ ಆಂಜಿನಮ್ಮ ಒಂದು ಕಡೆ, ಪಕ್ಕದ ಮನೆಯ ಕನಕರಾಜ್ ಇನ್ನೊಂದು ಕಡೆ ಹಿಡಿದು ಎತ್ತಬೇಕಾಯಿತು. ಕಿವಿ ಚುಚ್ಚಿಸುವ ದಿನ ಎಲ್ಲರನ್ನೂ ಊಟಕ್ಕೆ ಎಬ್ಬಿಸಿ ಕಳಿಸು, ವೇಣುಗೋಪಾಲನನ್ನು ಮೊದಲು. ಆಮೇಲೆ ನೀನು ಬಂದು ಕೈ ಕೊಡು. ನೀನು ಬರುವವರೆಗೆ ಮಗು ಮಲಗಿದೆ, ಎಬ್ಬಿಸಬೇಡಿ ಎಂದು ಹೇಳಿಕೊಂಡು ಕೂತಿರುತ್ತೇನೆ. ಅದು ಊರೆಲ್ಲ ಕೇಳುವಂತೆ ಅಳುತ್ತಿದ್ದರೂ ಸರಿ.